ಕರಡಿಮನೆಯ ಪಂಪು

ಈ ಸಭೆಯ ಅಧ್ಯಕ್ಷ ಪೀಠದಲ್ಲಿರುವ ಹಿರಿಯ ವಕೀಲರೇ, ಕರಡಿಮನೆಯ ಪರದೆಯನ್ನು ಸರಿಸಲೆಂದು ನಾಲ್ಕು ಗಂಟೆಯ ಪ್ರಯಾಣ ಮಾಡಿ ಬಂದಿರುವ ಮುಖ್ಯ ಅತಿಥಿಗಳೇ, ನನ್ನನ್ನು ಕೈಹಿಡಿದು ಈ ವೇದಿಕೆಗೆ ಹತ್ತಿಸಿದ ನಮ್ಮ ಮೃಗಾಲಯದ ಕಾರ್ಯದರ್ಶಿಗಳೇ, ಸಮಿತಿಯ ಸದಸ್ಯರೇ, ಪ್ರಾಣಿಗಳಿಗೆ ಮೇವು ನೀರು ಕೊಟ್ಟು ಸಾಕುತ್ತಿರುವ ಪಾಲಕ ಬಂಧುಗಳೇ, ಮುಂದಿನ ಎರಡು ಸಾಲುಗಳಲ್ಲಿ ಸುಮ್ಮನೆ ಕುಳಿತಿರಲು ಕಷ್ಟಪಡುತ್ತಿರುವ ಮಕ್ಕಳೇ, ಮೂರನೆಯ ಸಾಲಿನ ಅಂಚಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಈಗಲೇ ಕಣ್ಣಿನಲ್ಲಿ ಹೇಳುತ್ತಿರುವ ನನ್ನ ಮನೆಯವರೇ, ಮತ್ತು ಸಭಿಕರೇ,

ಎಲ್ಲಕ್ಕೂ ಮೊದಲು ಒಂದು ಬಿನ್ನಹ. ಹೊರಗೆ ಮರಗಳಿಗೆ ಕಟ್ಟಿರುವ ಧ್ವನಿವರ್ಧಕಗಳನ್ನು ದಯವಿಟ್ಟು ಆರಿಸಿ. ಈ ಸಭಾಂಗಣದೊಳಗಿನದು ಸಾಕು. ನನ್ನ ಮಾತು ಕೇಳಬೇಕೆಂಬ ಶಿಕ್ಷೆ ನಿಮಗಿರಲಿ. ಹೊರಗಿನ ಜೀವಿಗಳು ಮಾಡಿದ ಅಪರಾಧವೇನು? ನೀವು ನಗಬಹುದು. ಆದರೆ ಆರಿಸಿ. ನಾನು ಕಾಯುತ್ತೇನೆ. ಆಯಿತೇ? ಉಪಕಾರವಾಯಿತು.

ನನಗೆ ಗೊತ್ತುಮಾಡಿರುವ ಅವಧಿ ಹದಿನೈದು ನಿಮಿಷ. ಈಗ ನಾಲ್ಕೂ ಇಪ್ಪತ್ತೈದು. ಐದು ಗಂಟೆಗೆ ಸರಿಯಾಗಿ ನಾವೆಲ್ಲರೂ ಎದ್ದು ಕರಡಿಮನೆಯ ಮುಂದೆ ಸೇರಬೇಕೆಂದು ಆಮಂತ್ರಣ ಪತ್ರಿಕೆ ಹೇಳುತ್ತದೆ. ನಾನು ವೇದಿಕೆಯ ಮೇಲೆ ಅತ್ತಿಂದಿತ್ತ ನಡೆದಾಡುತ್ತಾ ಮಾತನಾಡಿದರೆ ಮನ್ನಿಸಬೇಕು. ನಿಂತಲ್ಲಿ ನಿಲ್ಲುವ ಗುಣ ನನ್ನಲ್ಲಿ ಉಳಿದಿಲ್ಲ. ‘ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ?’ ಎಂದು ಮನೆಯವರು ಕೇಳುತ್ತಾರೆ. ಮೂವತ್ತೊಂದು ವರ್ಷಗಳಿಂದ ಕೇಳುತ್ತಿದ್ದಾರೆ. ಅದಕ್ಕೂ ಮೊದಲು ಕೇಳಿರಲಿಲ್ಲ. ಈ ವೇದಿಕೆ, ಈಗ ತಾನೇ ಎಣಿಸಿದೆ, ಒಂಬತ್ತು ಹೆಜ್ಜೆ ಇದೆ.

ಇರಲಿ. ಋತುವಿಗೊಂದು ಕಾರ್ಯಕ್ರಮವೆಂಬ ನಮ್ಮ ಪದ್ಧತಿಯ ಬಗ್ಗೆ, ಈ ಸಲದ ಹೊಸ ಪ್ರಾಣಿಗಳ ಬಗ್ಗೆ ನಾನು ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ನಮ್ಮದು ಸರಕಾರ ಕಟ್ಟಿದ ಮೃಗಾಲಯವಲ್ಲ. ಯಾವ ಸಿರಿವಂತರ ಹವ್ಯಾಸವೂ ಅಲ್ಲ. ಊರವರು ಕೂಡಿ ಕಟ್ಟಿದ್ದು. ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟುಹೋದ ಹೊಂಡವೇ ಇಂದು ನೀರುನಾಯಿಗಳ ಕೊಳ. ಬಡಗಿ ತನ್ನ ರಜೆಯ ದಿನ ಬಂದು ಬೇಲಿ ಸರಿಮಾಡಿ ಹೋಗುತ್ತಾನೆ. ಹಣ್ಣಿನ ಅಂಗಡಿಯವರು ಮೆತ್ತಗಾದ ಹಣ್ಣನ್ನು ಬುಟ್ಟಿಯಲ್ಲಿ ತಂದು ಬಾಗಿಲಿನಲ್ಲಿಡುತ್ತಾರೆ. ಇಂಥ ಮೃಗಾಲಯಕ್ಕೆ ಜನ ಒಮ್ಮೆ ಬಂದು ನೋಡಿ ಮತ್ತೆ ಬಾರದೆ ಹೋದರೆ ಅದರ ಗತಿಯೇನು? ಆದ್ದರಿಂದಲೇ ಋತುವಿಗೊಂದು ಕಾರ್ಯಕ್ರಮ. ವಸಂತದಲ್ಲಿ ಮಕ್ಕಳು ಹತ್ತಿ, ನಾರು, ಒಣಕಡ್ಡಿಗಳನ್ನು ತಂದು ಪಕ್ಷಿಮನೆಯ ಮುಂದೆ ಇಡುತ್ತಾರೆ. ಯಾವ ಹಕ್ಕಿ ಯಾವುದನ್ನು ಗೂಡಿಗೆ ಒಯ್ಯುವುದೆಂದು ಪಂಥ ಕಟ್ಟುತ್ತಾರೆ. ಬೇಸಿಗೆಯಲ್ಲಿ ಮೀನು ಹುದುಗಿಸಿದ ಮಂಜುಗಡ್ಡೆಯನ್ನು ಕೊಳಕ್ಕೆ ಬಿಡುತ್ತೇವೆ. ಮಳೆಗಾಲದಲ್ಲಿ ಕಪ್ಪೆಗಳನ್ನು ಹುಡುಕುವ ನಡಿಗೆ. ಹೋದ ವರ್ಷ ಒಂದು ಕಪ್ಪೆಗೆ ಮೂವತ್ತು ಕೊಡೆಗಳಿದ್ದವು. ಕಪ್ಪೆಯೊಂದನ್ನು ಬಿಟ್ಟು ಉಳಿದವರೆಲ್ಲರೂ ನೆನೆದರು. ಇನ್ನು ಚಳಿಗಾಲದ ಈ ವಾರ ಹೊಸ ಪ್ರಾಣಿಗಳ ದರ್ಶನಕ್ಕೆ ಮೀಸಲು.

ನೀರುನಾಯಿಗಳನ್ನು ನೀವು ಬೆಳಿಗ್ಗೆಯೇ ನೋಡಿದ್ದೀರಿ. ಬಂದು ಹದಿನೈದು ದಿನಗಳಾಗಿಲ್ಲ, ಪಾಲಕರ ಊಟದ ಡಬ್ಬಿಯನ್ನು ಮೂರು ಸಲ ಕದ್ದಿವೆ. ಮೂರನೆಯ ಸಲ ಮುಚ್ಚಳವನ್ನು ಹಿಂತಿರುಗಿಸಿದವಂತೆ. ಮುಳ್ಳುಹಂದಿ ಹಗಲೆಲ್ಲ ಮೂಲೆಯಲ್ಲಿ ಮಲಗಿರುತ್ತದೆ. ನಿನ್ನೆ ಅಜ್ಜಿಯೊಬ್ಬರು ಅರ್ಧ ಗಂಟೆ ಅದರ ಮುಂದೆ ನಿಂತು, ‘ಏನಪ್ಪಾ, ಪೊರಕೆ ಇಟ್ಟು ಜನರನ್ನ ಏಮಾರಿಸ್ತಾ ಇದ್ದೀರಾ?’ ಎಂದು ಕೇಳಿದರು. 

ಮೂರನೆಯದು ಕರಡಿಗಳ ಜೋಡಿ. ಇವು ಮುಚ್ಚಿಹೋದ ಬೇರೊಂದು ಮೃಗಾಲಯದಿಂದ ಮೂರು ತಿಂಗಳ ಹಿಂದೆ ಬಂದವು. ಅವುಗಳಿಗಾಗಿ ಕಟ್ಟಿದ ಹೊಸ ಮನೆಗೆ ವಿಶಾಲವಾದ ಅಂಗಳವಿದೆ, ಪುಟ್ಟ ಕೊಳವಿದೆ, ಕೊಳದ ನೀರನ್ನು ತಿಳಿಗೊಳಿಸಲು ಪಂಪಿದೆ, ಹಿಂದೆ ಮಲಗಲು ಒಳಕೋಣೆಗಳಿವೆ. ಒಳಕೋಣೆಗೂ ಅಂಗಳಕ್ಕೂ ನಡುವೆ ಕಬ್ಬಿಣದ ಕದ. ಪಾಲಕರ ಓಣಿಯಲ್ಲಿ ನಿಂತು ಸರಪಳಿ ಎಳೆದರೆ ಅದು ಏಳುತ್ತದೆ, ಬಿಟ್ಟರೆ ಬೀಳುತ್ತದೆ. ಆ ಸರಪಳಿಯ ಹೊಣೆ ಹೊತ್ತಿರುವ ಪಾಲಕಿ ಸಭಾಂಗಣದ ಹಿಂಬಾಗಿಲಿನಲ್ಲಿ ನಿಂತಿದ್ದಾಳೆ. ಅವಳು ನನ್ನ ಮಗಳು. ಐದಕ್ಕೆ ಇನ್ನೂ ಸಮಯವಿದೆ, ಮಗಳೇ. ಅಲ್ಲಿಯೇ ಇರು.

ಕಾರ್ಯದರ್ಶಿಗಳು ಒಂದು ಚೀಟಿ ಕಳುಹಿಸಿದ್ದಾರೆ. ‘ಹತ್ತು ನಿಮಿಷ ಕಳೆದಿದೆ.’ ನಿಜ. ಜೇಬಿನಲ್ಲಿಟ್ಟುಕೊಂಡಿದ್ದೇನೆ. ಇವರು ನನ್ನ ಕೈಕೆಳಗೆ ಕೆಲಸ ಕಲಿತವರು. ಸಮಯಪಾಲನೆಯನ್ನೂ ನಾನೇ ಕಲಿಸಿದ್ದು. ಬಿತ್ತಿದ್ದನ್ನು ಉಣ್ಣಬೇಕಲ್ಲ!

ಈಗ ಸನ್ಮಾನ ಪತ್ರದ ಮಾತು. ಅದನ್ನು ಓದಿದಾಗ ನೀವೆಲ್ಲರೂ ಚಪ್ಪಾಳೆ ತಟ್ಟಿದಿರಿ. ಅದರಲ್ಲಿ ಹೀಗಿದೆ: ‘ಮೂವತ್ತೆಂಟು ವರ್ಷಗಳ ಕಾಲ, ಒಂದೇ ಒಂದು ತಪ್ಪಿಲ್ಲದೆ, ಮೃಗಾಲಯದ ದಿನವಹಿಯನ್ನು ಬರೆದ ಹಿರಿಯರಿಗೆ.’ ದಿನವಹಿ ಎಂದರೇನೆಂದು ಮಕ್ಕಳಿಗೆ ತಿಳಿಯದಿರಬಹುದು. ಪ್ರತಿದಿನ ಪ್ರತಿಯೊಂದು ಪ್ರಾಣಿ ಏನು ತಿಂದಿತು, ಎಷ್ಟು ಬಿಟ್ಟಿತು, ಎಲ್ಲಿ ಮಲಗಿತು, ಯಾರನ್ನು ಕಂಡು ಗುರುಗುಟ್ಟಿತು, ಎಲ್ಲವನ್ನೂ ಬರೆದಿಡುವ ದೊಡ್ಡ ಪುಸ್ತಕ. ಆ ಪುಸ್ತಕಗಳನ್ನೇ ಇಲ್ಲಿ ಮೇಜಿನ ಮೇಲೆ ಗಾಜಿನ ಕೆಳಗೆ ಪ್ರದರ್ಶನಕ್ಕಿಟ್ಟಿದ್ದಾರೆ. ನೀಲಿ ಶಾಯಿ, ನೇರವಾದ ಸಾಲು, ಅಂಚಿನಲ್ಲಿ ಎರಡು ಬೆರಳು ಜಾಗ. ನಾನು ಅಚ್ಚುಕಟ್ಟಿನ ಮನುಷ್ಯ. ಅದನ್ನು ಹೊಗಳಿಕೆಯೆಂದು ನಾನೂ ಬಹುಕಾಲ ತಿಳಿದುಕೊಂಡಿದ್ದೆ. ನಾನು ನಿವೃತ್ತನಾದ ಮೇಲೆ ಈ ದಿನವಹಿಯಿಂದ ಆಯ್ದ ಸಾಲುಗಳನ್ನು ಕೂಡಿಸಿ ಪಾಲಕರಿಗೊಂದು ಕೈಪಿಡಿ ಮಾಡಿದ್ದಾರೆ. ಇಂದು ಯಾವ ಪ್ರಾಣಿಗೆ ಏನು ಮಾಡಬೇಕೆಂಬ ಸಂದೇಹ ಬಂದರೂ ಆ ಕೈಪಿಡಿಯನ್ನು ತೆರೆಯುತ್ತಾರೆ. ಅದರಲ್ಲಿರುವುದೇ ಕೊನೆಯ ಮಾತು.

ಇಂದು ಬೆಳಿಗ್ಗೆ ಹಾಗೆಯೇ ತೆರೆದರು.

ಸಭಿಕರೇ, ಪರದೆಯ ಹಿಂದಿನ ಸಂಗತಿಯನ್ನು ನಿಮಗೆ ಮೊದಲೇ ತಿಳಿಸುವುದು ಅತಿಥಿಗಳಿಗೆ ಮಾಡುವ ಅಗೌರವವೇ? ಆಗಿದ್ದರೆ ಆಗಲಿ. ಹೆಣ್ಣು ಕರಡಿ ನಾಲ್ಕು ದಿನಗಳಿಂದ ಹೊರಗೆ ಬಂದಿಲ್ಲ. ಒಳಕೋಣೆಯ ಹುಲ್ಲನ್ನೆಲ್ಲ ಒಂದು ಮೂಲೆಗೆ ಎಳೆದುಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದೆ. ಇಷ್ಟು ದೂರದಿಂದ ಅತಿಥಿಗಳು ಬಂದು ಪರದೆ ಸರಿಸಿದಾಗ ಬರಿಯ ಅಂಗಳ ಕಂಡರೆ ಹೇಗೆ? ಸಮಿತಿಯವರ ಚಿಂತೆ ನ್ಯಾಯವಾದದ್ದೇ. ಅವರು ಕೈಪಿಡಿ ತೆರೆದರು. ಅದರಲ್ಲಿ ನನ್ನ ಮಾತು ಸಿಕ್ಕಿತು: ‘ಹುಲ್ಲು ಒಟ್ಟಿಕೊಂಡು ಒಳಗೆ ಕೂರುವುದು ಹೆಣ್ಣು ಕರಡಿಯ ಚಟ. ಜೇನು ತೋರಿಸಿ ಹೊರಗೆ ತಂದು ಕದ ಇಳಿಸುವುದರಿಂದ ಯಾವ ಹಾನಿಯೂ ಇಲ್ಲ.’ ಅದರಂತೆ ಆಜ್ಞೆಯಾಗಿದೆ. ಐದಕ್ಕೆ ಹತ್ತು ನಿಮಿಷವಿರುವಾಗ ಜೇನು ತೋರಿಸಬೇಕು. ಬಾರದಿದ್ದರೆ ಹಿಂದಿನಿಂದ ಕೊಳವೆಯಲ್ಲಿ ನೀರು ಬಿಡಬೇಕು. ಹೊರಗೆ ಬಂದೊಡನೆ ಕದ ಇಳಿಸಬೇಕು. ಜನರೆಲ್ಲ ನೋಡಿ ಮುಗಿಯುವವರೆಗೆ, ಎಂದರೆ ಎರಡು ಗಂಟೆಯ ಕಾಲ, ಏರಿಸಕೂಡದು.

ನನಗಿದು ತಿಳಿದದ್ದು ಮಧ್ಯಾಹ್ನ, ಊಟದ ವೇಳೆಯಲ್ಲಿ. ಮಗಳು ತಟ್ಟೆಯ ಮುಂದೆ ಕುಳಿತು ತುತ್ತನ್ನು ಕಲಸುತ್ತಲೇ ಇದ್ದಳು. ಅವಳ ಮಾತನ್ನು ಅವಳು ಆಡಿದಂತೆಯೇ ಹೇಳುತ್ತೇನೆ.

‘ಅಪ್ಪಾ, ನನಗ್ಯಾಕೋ ಮನಸ್ಸು ಒಪ್ತಾ ಇಲ್ಲ. ನಾಲ್ಕು ದಿನದಿಂದ ಅವಳು ತಟ್ಟೆ ಮೂಸಿಯೂ ನೋಡಿಲ್ಲ.’

‘ಸಮಿತಿಯವರಿಗೆ ಹೇಳಿದೆಯಾ?’

‘ಹೇಳದೆ ಇರ್ತೀನಾ? ನಿಮ್ಮ ಪುಸ್ತಕ ತೆಗೆದು ಮುಖಕ್ಕೆ ಹಿಡಿದ್ರು. ನಿಮ್ಮಪ್ಪನೇ ಬರೆದಿದ್ದಾರಲ್ಲಮ್ಮ, ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದ್ರು. ನೀವೇ ಬರೆದ ಮೇಲೆ ನಾನೇನು ಹೇಳಲಿ?’

ನಾನು ನೀರು ಕುಡಿದೆ. ಅವಳು ಕೈತೊಳೆದು ಬಂದು ಬೂಟು ಹಾಕಿಕೊಳ್ಳುತ್ತಾ, ಯಾವುದೋ ಸಣ್ಣ ವಿಷಯ ನೆನಪಾದವಳಂತೆ, ‘ಅಂದ ಹಾಗೆ ಆ ಹೊಸ ಮನೆಯ ಪಂಪು ಬೆಳಿಗ್ಗೆಯಿಂದ ಗುಂಯ್ ಅಂತಾನೇ ಇದೆ. ಹೋಗ್ತಾ ಮೆಕ್ಯಾನಿಕ್‌ಗೆ ಹೇಳಿ ಹೋಗ್ತೀನಿ. ಗಣ್ಯರು ಬಂದಾಗ ಆ ಸದ್ದು ಕೇಳಿಸಿದ್ರೆ ಚೆನ್ನಾಗಿರಲ್ಲ’ ಎಂದಳು.

ಆಗ ನಾನು ಬಾಯಿ ತೆರೆಯಬೇಕಾಗಿತ್ತು. ಇಬ್ಬರೇ ಇದ್ದೆವು. ಮನೆಯ ಹೊಸಿಲಿನೊಳಗೆ ಮುಗಿಯುತ್ತಿದ್ದ ಮಾತು. ನಾನು ಹೇಳಿದ್ದೇನು? ‘ಮಜ್ಜಿಗೆ ಕುಡಿಯದೆ ಹೊರಟೆಯಲ್ಲ’ ಎಂದೆ. ಅವಳು ಹೋದ ಮೇಲೆ ಮನೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದೆ. ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮನೆಯವರು ಬಂದು ನೋಡುತ್ತಿದ್ದರು. ‘ರೀ, ಅಲ್ಲಿ ಹೋಗಿ ಹೇಳೋದಾದ್ರೆ ಬಟ್ಟೆ ಇಸ್ತ್ರಿ ಮಾಡಿಕೊಡ್ತೀನಿ. ಇಲ್ಲೇ ಓಡಾಡೋದಾದ್ರೆ ಚಾಪೆ ಸುತ್ತಿಡ್ತೀನಿ, ಸವೆದು ಹೋಗುತ್ತೆ’ ಎಂದರು. ಅಷ್ಟೇ ಎಂದರು. ಈ ಅಂಗಿ ಅವರು ಇಸ್ತ್ರಿ ಮಾಡಿಕೊಟ್ಟದ್ದು.

ಎರಡನೆಯ ಚೀಟಿ. ‘ದಯವಿಟ್ಟು ವಿಷಯಕ್ಕೆ ಬನ್ನಿ.’ ಬರುತ್ತೇನೆ, ಕಾರ್ಯದರ್ಶಿಗಳೇ. ವಿಷಯದ ಸುತ್ತ ನಾನು ಮೂವತ್ತೊಂದು ವರ್ಷ ಪ್ರದಕ್ಷಿಣೆ ಹಾಕಿದ್ದೇನೆ. ಇನ್ನೆರಡು ನಿಮಿಷ ಕೊಡಿ.

ಆಗಲೂ ಇಂಥದೇ ಚಳಿಗಾಲದ ವಾರ. ಹಳೆಯ ಕರಡಿಮನೆ, ಈಗ ಮೇವಿನ ಉಗ್ರಾಣವಿರುವ ಜಾಗ. ಅಲ್ಲಿಯೂ ಒಂದು ಹೆಣ್ಣು ಕರಡಿ ಇತ್ತು, ಕೊಳವಿತ್ತು, ಪಂಪಿತ್ತು. ನಾನು ಆಗ ಪ್ರಾಣಿಮನೆಗಳ ಮೇಲ್ವಿಚಾರಕ. ಹುದ್ದೆ ಇನ್ನೂ ಖಾಯಂ ಆಗಿರಲಿಲ್ಲ. ಚಳಿಗಾಲದ ವಾರಕ್ಕೆ ಮೊದಲಿನ ಕೆಲವು ದಿನಗಳಲ್ಲಿ ಆ ಕರಡಿ ಒಂದು ಹೊಸ ಕೆಲಸಕ್ಕೆ ತೊಡಗಿತು. ಹಾಸಿದ ಹುಲ್ಲನ್ನು ಬಾಯಿಯಲ್ಲಿ ಕಚ್ಚಿ ಹಿಂದಿನ ಮೂಲೆಗೆ ಎಳೆಯುವುದು, ಕಾಲಿನಿಂದ ಒತ್ತುವುದು, ಮತ್ತೆ ಎಳೆಯುವುದು. ನನಗೆ ಅದು ಕಸವಾಗಿ ಕಂಡಿತು. ಗಣ್ಯರು ಬರುವ ಹೊತ್ತಿಗೆ ಕೋಣೆ ಒಪ್ಪವಾಗಿರಬೇಡವೇ? ಪ್ರತಿದಿನ ಬೆಳಿಗ್ಗೆ ಅದು ಅಂಗಳಕ್ಕೆ ಬಂದಾಗ ನಾನೇ, ಬೇರೆ ಯಾರೂ ಅಲ್ಲ, ಪೊರಕೆ ಹಿಡಿದು ಆ ಹುಲ್ಲನ್ನು ಗುಡಿಸಿ ನೆಲವೆಲ್ಲ ಒಂದೇ ಸಮ ಬರುವಂತೆ ಹರಡುತ್ತಿದ್ದೆ. ಅದು ಒಳಗೆ ಹೋಗಿ, ನಿಂತು ನೋಡಿ, ಮೊದಲಿನಿಂದ ಆರಂಭಿಸುತ್ತಿತ್ತು. ಆರು ದಿನ ಅದು ಕೂಡಿಸಿತು, ಆರು ದಿನ ನಾನು ಗುಡಿಸಿದೆ. ಆರು ದಿನವೂ ದಿನವಹಿಯಲ್ಲಿ ನೀಲಿ ಶಾಯಿಯಲ್ಲಿ ಬರೆದೆ: ‘ಹುಲ್ಲನ್ನು ಕೆದರುತ್ತದೆ. ಸ್ವಚ್ಛಗೊಳಿಸಲಾಯಿತು.’

ಏಳನೆಯ ದಿನದಿಂದ ಅದು ಹೊರಗೆ ಬರಲಿಲ್ಲ. ಮೂರು ದಿನ. ಕರಡಿಯ ದಟ್ಟ ಕೂದಲಿನ ಕೆಳಗೆ ಬಸಿರು ಕಣ್ಣಿಗೆ ಬೀಳುವುದಿಲ್ಲ. ಅದನ್ನು ನನ್ನ ಪರವಾದ ವಾದವೆಂದು ಬೇಕಾದರೆ ಬರೆದುಕೊಳ್ಳಿ. ಪಶುವೈದ್ಯರು ಊರಿನಲ್ಲಿರಲಿಲ್ಲ, ಅದನ್ನೂ ಬರೆದುಕೊಳ್ಳಿ. ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ಗಣ್ಯರು ಬರುವವರಿದ್ದರು. ಎರಡೂವರೆಗೆ ನಾನು ಜೇನಿನ ಬಟ್ಟಲನ್ನು ಅಂಗಳದಲ್ಲಿಟ್ಟೆ. ಮೂರು ದಿನದಿಂದ ಉಪವಾಸವಿದ್ದ ಜೀವ, ಬಂದಿತು. ಮೂಗನ್ನು ಬಟ್ಟಲಿಗೆ ಇಟ್ಟಿತು. ನಾನು ಸರಪಳಿ ಬಿಟ್ಟೆ. ಕದ ಬಿತ್ತು.

ಜೇನು ಬಟ್ಟಲಲ್ಲೇ ಉಳಿಯಿತು. ಅದು ತಿರುಗಿ ಕದದ ಹತ್ತಿರ ಬಂದಿತು. ಕದದ ಮುಂದೆ ಅತ್ತಿಂದಿತ್ತ ನಡೆಯತೊಡಗಿತು. ಒಂಬತ್ತು ಹೆಜ್ಜೆ, ತಿರುವು. ಒಂಬತ್ತು ಹೆಜ್ಜೆ, ತಿರುವು. ತಿರುವಿನಲ್ಲಿ ಪ್ರತಿಸಲವೂ ತಲೆಯೆತ್ತಿ ಕದವನ್ನು ಮುಟ್ಟುವುದು. ಜನಕ್ಕೆ ಅದು ಕುಣಿತವಾಗಿ ಕಂಡಿತು. ಗಣ್ಯರು ಚಪ್ಪಾಳೆ ತಟ್ಟಿದರು. ಆ ತಾಳಕ್ಕೆ ಎಲ್ಲರೂ ತಟ್ಟಿದರು. ಆ ಗುಂಪಿನಲ್ಲಿ ಏಳು ತಿಂಗಳ ಬಸುರಿಯಾಗಿದ್ದ ನನ್ನ ಮನೆಯವರೂ ಇದ್ದರು. ಅವರು ತಟ್ಟಲಿಲ್ಲ. ಜನರನ್ನು ದಾಟಿಕೊಂಡು ನನ್ನ ಬಳಿಗೆ ಬಂದು, ‘ಏನ್ರೀ, ಆ ಬಾಗಿಲು ತೆಗೀರಿ. ಅವಳದ್ದು ಏನೋ ಒಳಗಿದೆ’ ಎಂದರು.

‘ಒಳಗೇನಿರುತ್ತೆ? ಹುಲ್ಲು. ಅದನ್ನೂ ನಾನೇ ಗುಡಿಸಿದ್ದೀನಿ’ ಎಂದೆ.

‘ನೋಡೋ ಕಣ್ಣಿದ್ರೆ ನೋಡಿ. ಹಸಿದವಳು ಜೇನು ಬಿಟ್ಟು ಬಾಗಿಲು ಮುಟ್ತಾ ಇದ್ದಾಳೆ.’

‘ಬಸುರಿ ಹೆಂಗಸಿಗೆ ಎಲ್ಲಾ ಕಡೆ ಬಸುರೇ ಕಾಣುತ್ತೆ’ ಎಂದು ನಕ್ಕೆ. ಪಕ್ಕದಲ್ಲಿದ್ದವರೂ ನಕ್ಕರು. ಒಳ್ಳೆಯ ಹಾಸ್ಯವೆಂದು ಒಬ್ಬರು ನನ್ನ ಬೆನ್ನು ತಟ್ಟಿದರು.

ಕದವನ್ನು ಏರಿಸಿದಾಗ ಆರೂವರೆ. ನಾಲ್ಕು ಗಂಟೆ ಅದು ನಡೆದಿತ್ತು. ಏರುತ್ತಿದ್ದ ಕದದ ಅಡಿಯಲ್ಲಿ ತೆವಳಿಕೊಂಡು ಒಳಗೆ ನುಗ್ಗಿತು. ಮರುದಿನ ಬೆಳಿಗ್ಗೆ ಮೂಲೆಯಲ್ಲಿ ಎರಡು ಮರಿಗಳು ಸಿಕ್ಕವು. ನನ್ನ ಅಂಗೈಯಲ್ಲಿ ಎರಡೂ ಹಿಡಿದವು. ತಣ್ಣಗಿದ್ದವು. ಅವುಗಳ ಅಡಿಯಲ್ಲಿ ಹುಲ್ಲು ತೆಳ್ಳಗಿತ್ತು, ಬಹಳ ಅಚ್ಚುಕಟ್ಟಾಗಿತ್ತು.

ಮಕ್ಕಳೇ, ಕ್ಷಮಿಸಿ. ಚಳಿಗಾಲದ ವಾರದಲ್ಲಿ ಹೇಳುವ ಕಥೆಯಲ್ಲ ಇದು. ‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎಂಬ ಗಾದೆಯನ್ನು ಹಿರಿಯರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಆದರೆ ಇಲ್ಲಿ ಗಾದೆ ತಲೆಕೆಳಗಾಗಿದೆ. ಕರಡಿಯನ್ನು ಬಿಡಬೇಡಿ ಎಂದು ಪೂಜೆ ಕೆಡಿಸಲು ನಿಂತಿದ್ದೇನೆ ನಾನು.

ಆ ಬೆಳಿಗ್ಗೆ ದಿನವಹಿಯಲ್ಲಿ ಏನು ಬರೆದೆ? ಆ ಪುಸ್ತಕ ಇದೇ ಮೇಜಿನ ಮೇಲಿದೆ. ಗಾಜನ್ನು ಸರಿಸುತ್ತೇನೆ. ಮುಟ್ಟಬಾರದೆಂಬ ಫಲಕ ನನಗೂ ಕಾಣುತ್ತಿದೆ, ಕಾರ್ಯದರ್ಶಿಗಳೇ. ಈ ಅಕ್ಷರಗಳು ನನ್ನವು. ಇಗೋ. ‘ತಾಯಿ ಮರಿಗಳನ್ನು ನಿರಾಕರಿಸಿತು.’ ಮೂರು ಪದ. ಕೆಳಗೆ, ಯಾರಾದರೂ ಕೇಳಿದರೆ ಇರಲೆಂದು, ಚಟದ ವಿಷಯ, ಜೇನಿನ ವಿಷಯ, ಹಾನಿಯಿಲ್ಲವೆಂಬ ಮಾತು. ಕೈಪಿಡಿಗೆ ಹೋದದ್ದು ಈ ಸಾಲುಗಳು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇನ್ನೂ ಜಾಣ, ಯಾರೂ ಕಳ್ಳನೆನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದೆ. ಮುಂದಿನ ತಿಂಗಳು ನನ್ನ ಹುದ್ದೆ ಖಾಯಂ ಆಯಿತು.

ಆದರೆ ಅಚ್ಚುಕಟ್ಟಿನ ಮನುಷ್ಯನಿಗೆ ಒಂದು ಶಾಪವಿದೆ. ಅವನು ಎಲ್ಲವನ್ನೂ ಬರೆದಿಡುತ್ತಾನೆ. ಇದೇ ಪುಟದ ಹಿಂದಿನ ಪುಟ, ಗಣ್ಯರು ಬಂದ ದಿನದ್ದು, ಓದುತ್ತೇನೆ: ‘ಕರಡಿಮನೆಯ ಪಂಪು ಬೆಳಿಗ್ಗೆಯಿಂದ ಗುಂಯ್‌ಗುಡುತ್ತಿದೆ. ಎಣ್ಣೆ ಹಾಕಲು ಮೆಕ್ಯಾನಿಕ್‌ಗೆ ತಿಳಿಸಲಾಯಿತು.’ ಅದರ ಪಕ್ಕದಲ್ಲಿ, ನಾನು ಬಿಟ್ಟಿದ್ದ ಎರಡು ಬೆರಳಿನ ಅಂಚಿನಲ್ಲಿ, ಮೆಕ್ಯಾನಿಕ್ ತನ್ನ ಸೊಟ್ಟ ಅಕ್ಷರದಲ್ಲಿ ಬರೆದು ಹೋಗಿದ್ದಾನೆ: ‘ನೋಡಿದೆ ಸಾರ್. ಪಂಪು ಎರಡು ದಿನದಿಂದ ಆಫ್ ಇದೆ.’

ಸಭಿಕರೇ, ಕರಡಿಯ ಮರಿಗಳು ಹಾಲು ಕುಡಿಯುವಾಗ ಗುಂಯ್‌ಗುಡುತ್ತವೆ. ಎಡೆಬಿಡದ, ಸಣ್ಣ, ಯಂತ್ರದಂಥ ಸದ್ದು. ಅದು ನನಗೆ ಆಗ ಗೊತ್ತಿರಲಿಲ್ಲ. ಒಂದು ವರ್ಷದ ನಂತರ ಪಶುವೈದ್ಯರು ಮಾತಿನ ನಡುವೆ ಹೇಳಿದರು. ನಾನು ‘ಹೌದೇ?’ ಎಂದು ಕೇಳಿ, ಮನೆಗೆ ಹೋಗಿ, ಮುಖ ತೊಳೆದುಕೊಂಡೆ.

ಸಮಯ ನಾಲ್ಕೂ ನಲವತ್ತನಾಲ್ಕು. ಮಗಳೇ, ನೀನು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೀಯೆ. ನನ್ನನ್ನು ಹಾಗೆ ನೋಡಬೇಡ. ಆಮೇಲೆ ನೋಡುವೆಯಂತೆ, ಜೀವನವಿಡೀ ಸಮಯವಿದೆ. ಈಗ ಒಂದು ಕೆಲಸ ಮಾಡು. ಹೊಸ ಮನೆಯ ಪಂಪಿನ ಸ್ವಿಚ್ಚು ಆರಿಸು. ಆರಿಸಿ, ಓಣಿಯಲ್ಲಿ ನಿಂತು ನೂರು ಎಣಿಸು. ಸದ್ದು ನಿಂತರೆ ಸಮಿತಿಯವರ ಆಜ್ಞೆಯಂತೆ ನಡೆ, ನಾನು ಅಡ್ಡ ಬರುವುದಿಲ್ಲ. ಸದ್ದು ನಿಲ್ಲದಿದ್ದರೆ ಸರಪಳಿಯನ್ನು ಮುಟ್ಟಬೇಡ. ಯಾರು ಹೇಳಿದರೂ ಮುಟ್ಟಬೇಡ. ಹೋಗು.

ಹೋದಳು.

ಅಧ್ಯಕ್ಷರೇ, ತಾವು ಗಂಟೆಯ ಮೇಲೆ ಕೈಯಿಟ್ಟಿರುವುದು ಕಾಣುತ್ತಿದೆ. ತಾವು ವಕೀಲರು, ತಪ್ಪೊಪ್ಪಿಗೆಯನ್ನು ನಡುವೆ ತಡೆಯುವುದು ಯಾವ ನ್ಯಾಯಾಲಯದ ಕ್ರಮ? ಕಾರ್ಯದರ್ಶಿಗಳೇ, ಕುಳಿತುಕೊಳ್ಳಿ. ಮೂರನೆಯ ಚೀಟಿಯನ್ನು ನೀವು ಬರೆದು ಕೈಯಲ್ಲೇ ಹಿಡಿದುಕೊಂಡಿದ್ದೀರಿ, ಅಲ್ಲಿಯೇ ಇರಲಿ. ನಿಮ್ಮ ತಪ್ಪಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ನೀವು ನಂಬಿದಿರಿ. ನಂಬಬೇಕೆಂದು ನಿಮಗೆ ಕಲಿಸಿದವನು ನಾನು.

ಅವಳು ಬರುವವರೆಗೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಆ ಮೂರು ಪದಗಳ ಫಲವೇನಾಯಿತು ಗೊತ್ತೇ? ಮರಿಗಳನ್ನು ನಿರಾಕರಿಸುವ ತಾಯಿಗೆ ಮತ್ತೆ ಮರಿಗಳೇಕೆ ಎಂದು ಅದನ್ನು ಒಂಟಿಯಾಗಿ ಇಟ್ಟೆವು. ಹದಿನಾಲ್ಕು ವರ್ಷ. ಅದರ ಬೇಲಿಯ ಮೇಲಿನ ಫಲಕದಲ್ಲಿಯೂ ಆ ಮಾತನ್ನು ಬರೆಸಿದ್ದೆವು. ಅದು ಹದಿನಾಲ್ಕು ವರ್ಷವೂ ಆ ಕದದ ಮುಂದೆ ನಡೆಯಿತು. ಕದ ತೆರೆದಿದ್ದರೂ ನಡೆಯಿತು. ನೆಲದ ಕಲ್ಲು ಅಲ್ಲಿ ಸವೆದು ಹೊಂಡ ಬಿದ್ದಿತ್ತು; ಉಗ್ರಾಣದ ನೆಲದಲ್ಲಿ ಇಂದಿಗೂ ಇದೆ, ಮೇವಿನ ಚೀಲಗಳ ಕೆಳಗೆ.

ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿ ನಿಂತಿದ್ದೆ. ‘ಅಪ್ಪಾ, ಅದ್ಯಾಕೆ ಹಾಗೆ ಓಡಾಡ್ತಾ ಇದೆ? ಏನಾದ್ರೂ ಕಳಕೊಂಡಿದೆಯಾ?’ ಎಂದು ಕೇಳಿದಳು.

‘ಇಲ್ಲ ಪುಟ್ಟಿ. ಅದಕ್ಕೆ ಮಕ್ಕಳಂದ್ರೆ ಆಗಲ್ಲ’ ಎಂದೆ.

ಸ್ವಂತ ಮಗುವಿಗೆ, ಅದನ್ನು ಹೊತ್ತುಕೊಂಡೇ ಹೇಳಿದೆ. ಅವಳು ಅಂದು ಸಂಜೆಯೆಲ್ಲ ತನ್ನ ಗೊಂಬೆಗೆ, ‘ನನಗೆ ನೀನಂದ್ರೆ ಆಗುತ್ತೆ, ಆಗುತ್ತೆ’ ಎಂದು ಹೇಳುತ್ತಿದ್ದಳು. ದೊಡ್ಡವಳಾಗಿ ಬೇರೆ ನೂರು ಕೆಲಸಗಳಿದ್ದರೂ ಕರಡಿಗಳ ಪಾಲಕಿಯಾಗುತ್ತೇನೆಂದು ಹಟ ಹಿಡಿದಳು. ಏಕೆಂದು ನಾನು ಕೇಳಲಿಲ್ಲ.

ನಾನು ನಡೆದಾಡುವ ಅಭ್ಯಾಸ ಎಂದಿನಿಂದ ಬಂದಿತೆಂದು ಹೇಳಲಿಲ್ಲ, ಅಲ್ಲವೇ? ಆ ಚಳಿಗಾಲದ ವಾರವಾಗಿ ಎರಡು ತಿಂಗಳಿಗೆ ಮಗಳು ಹುಟ್ಟಿದಳು. ಹುಟ್ಟಿದೊಡನೆ ದಾದಿ ಮಗುವನ್ನು ತೂಕ ನೋಡಲೆಂದು ಪಕ್ಕದ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡರು. ನನ್ನ ಮನೆಯವರು ಮಲಗಿರಬೇಕಾಗಿತ್ತು. ಎದ್ದರು. ಗೋಡೆ ಹಿಡಿದುಕೊಂಡು ಆ ಬಾಗಿಲಿನ ಮುಂದೆ ಅತ್ತಿಂದಿತ್ತ ನಡೆದರು. ತಿರುಗುವಾಗ ಪ್ರತಿಸಲವೂ ಬಾಗಿಲನ್ನು ಅಂಗೈಯಿಂದ ಮುಟ್ಟಿದರು. ಮಗುವನ್ನು ತಂದುಕೊಟ್ಟದ್ದು ಹತ್ತೇ ನಿಮಿಷದಲ್ಲಿ. ಆ ಹತ್ತು ನಿಮಿಷ ನಾನು ಬೆಂಚಿನ ಮೇಲೆ ಕುಳಿತು ಹೆಜ್ಜೆ ಎಣಿಸುತ್ತಿದ್ದೆ. ಅಂದಿನಿಂದ ನನಗೆ ಕೂರಲಾಗುವುದಿಲ್ಲ. ಅವರು ಆ ಕರಡಿಯ ಮಾತನ್ನು ಮತ್ತೆ ಎತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ ಎಂದು ಮಾತ್ರ ಕೇಳುತ್ತಾರೆ. ಕಟ್ಟಿಕೊಂಡಿದ್ದೇನೆ. ನನ್ನ ಮನೆಯವರೇ, ನೀವು ಅಂದು ಹೇಳಿದ್ದು ಸರಿ. ಇದನ್ನು ಇಷ್ಟು ಜನರ ಮುಂದೆ ಹೇಳಬೇಕಾಗಿ ಬಂದದ್ದು, ನಾನು ನಕ್ಕಾಗಲೂ ಇಷ್ಟೇ ಜನರಿದ್ದರೆಂಬ ಕಾರಣಕ್ಕೆ.

ಈಗ ಈ ಪುಟ. ಯಾರಾದರೂ ಒಂದು ಪೆನ್ನು ಕೊಡಿ. ನನ್ನ ಪೆನ್ನು ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿದೆ. ಕೆಂಪು ಶಾಯಿಯೇ? ಒಳ್ಳೆಯದು, ಕೆಂಪೇ ಇರಲಿ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದೀತು. ‘ತಾಯಿ ಮರಿಗಳನ್ನು ನಿರಾಕರಿಸಿತು.’ ಇದನ್ನು ಹೊಡೆದುಹಾಕಿದ್ದೇನೆ. ಮೇಲೆ ಬರೆಯುತ್ತಿದ್ದೇನೆ, ನಿಧಾನವಾಗಿ ಓದುತ್ತೇನೆ, ಹಿಂದಿನವರಿಗೂ ಕೇಳಿಸಲಿ. ‘ತಾಯಿಯನ್ನು ಹೊರಗೆ ಹಾಕಿ ಕದ ಇಳಿಸಿದವನು ನಾನು. ಆರು ದಿನ ಅದರ ಹುಲ್ಲನ್ನು ಗುಡಿಸಿದವನು ನಾನು. ತಾಯಿ ನಾಲ್ಕು ಗಂಟೆ ಬಾಗಿಲು ಕಾಯಿತು. ಚಟದ ಮಾತು ಸುಳ್ಳು. ಹುಲ್ಲು ಒಟ್ಟುವ ಹೆಣ್ಣು ಕರಡಿಯನ್ನು ಯಾವ ಕಾರಣಕ್ಕೂ ಹೊರಗೆ ತರಕೂಡದು.’ ಕೆಳಗೆ ಸಹಿ, ಇಂದಿನ ತಾರೀಖು.

ಕಾರ್ಯದರ್ಶಿಗಳೇ, ನಿಮ್ಮ ಆಜ್ಞಾಪತ್ರದಲ್ಲಿ ‘ದಿನವಹಿಯ ಪ್ರಕಾರ’ ಎಂದಿದೆ. ದಿನವಹಿ ಈಗ ಹೀಗೆ ಹೇಳುತ್ತದೆ. ಸನ್ಮಾನ ಪತ್ರವನ್ನು ಈ ಮೇಜಿನ ಮೇಲೆಯೇ ಬಿಟ್ಟಿರುತ್ತೇನೆ. ‘ಒಂದೇ ಒಂದು ತಪ್ಪಿಲ್ಲದೆ’ ಎಂಬುದನ್ನು ತಿದ್ದಿ ಕೊಡುವುದಾದರೆ ಇನ್ನೊಂದು ದಿನ ಬಂದು ತೆಗೆದುಕೊಳ್ಳುತ್ತೇನೆ. ಕೊಡದಿದ್ದರೂ ಸರಿಯೇ.

ಐದಕ್ಕೆ ನಾಲ್ಕು ನಿಮಿಷ. ನೂರು ಎಣಿಸಲು ಇಷ್ಟು ಹೊತ್ತು ಬೇಕೇ? ಮಕ್ಕಳೇ, ನೀವಾದರೂ ಹೇಳಿ. ಅವಳು ಚಿಕ್ಕಂದಿನಲ್ಲಿಯೂ ಹೀಗೆಯೇ. ಎಪ್ಪತ್ತರ ನಂತರ ಅರವತ್ತಕ್ಕೆ ಹೋಗುತ್ತಿದ್ದಳು. ಸ್ವಿಚ್ಚು ಎತ್ತರದಲ್ಲಿರಬಹುದು. ಯಾರಾದರೂ ಅಡ್ಡ ಬಂದಿರಬಹುದು. ಅಥವಾ ಸದ್ದು ನಿಂತೇ ಹೋಯಿತೋ? ನಿಜವಾಗಿಯೂ ಪಂಪೇ ಆಗಿತ್ತೋ? ಮುದುಕನೊಬ್ಬ ತನ್ನ ಹಳೆಯ ಪಾಪವನ್ನು ಹೊಸ ಗೋಡೆಗೆ ಬಳಿದು ನಿಮ್ಮೆಲ್ಲರ ಸಂಜೆಯನ್ನು ಕೆಡಿಸಿದನೋ? ಹಾಗಾದರೆ ನಗಿ, ನಾನೂ ನಗುತ್ತೇನೆ. ಪಂಪೇ ಆಗಿರಲಿ ಎಂದೂ ಅನ್ನಿಸುತ್ತದೆ, ಆಗದಿರಲಿ ಎಂದೂ. ಮತ್ತೆ ನಡೆಯುತ್ತಿದ್ದೇನೆಯೇ? ನೋಡಿ, ನನಗೇ ತಿಳಿಯಲಿಲ್ಲ.

ಬಾಗಿಲು ತೆರೆಯಿತು.

ಬಂದಳು. ಒಬ್ಬಳೇ ಬಂದಿದ್ದಾಳೆ.  ಹಿಂದಿನ ಸಾಲಿನವರು ತಿರುಗಿ ನೋಡಬಹುದು, ಆದರೆ ಕುರ್ಚಿ ಎಳೆಯಬೇಡಿ. ಅವಳು ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಬರಿಗಾಲಿನಲ್ಲಿ ನಡೆದುಬಂದಿದ್ದಾಳೆ, ಕರಡಿಮನೆಯ ಓಣಿಯಿಂದ ಇಲ್ಲಿಯವರೆಗೆ, ಜಲ್ಲಿಕಲ್ಲಿನ ಮೇಲೆ, ಈ ಚಳಿಯಲ್ಲಿ.

ಸಭಿಕರೇ, ಪರದೆ ಇಂದು ಸರಿಯುವುದಿಲ್ಲ. ಮುಖ್ಯ ಅತಿಥಿಗಳೇ, ತಮ್ಮ ನಾಲ್ಕು ಗಂಟೆಯ ಪ್ರಯಾಣಕ್ಕೆ ನಾನು ಋಣಿ. ವಸಂತದ ಕಾರ್ಯಕ್ರಮಕ್ಕೆ ಮತ್ತೊಮ್ಮೆ ದಯಮಾಡಿಸಬೇಕು, ಆಗ ತಾಯಿ ತಾನಾಗಿಯೇ ಹೊರಗೆ ಬಂದೀತು, ಒಂಟಿಯಾಗಿ ಬರಲಿಕ್ಕಿಲ್ಲ. ಮಕ್ಕಳೇ, ಹತ್ತಿ, ನಾರುಗಳ ಜೊತೆಗೆ ಆ ದಿನ ಒಂದೊಂದು ಹಿಡಿ ಹುಲ್ಲನ್ನೂ ತನ್ನಿ. ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಮೂರನೆಯ ಚೀಟಿಯನ್ನು ಕೊಡದೆ ಉಳಿಸಿಕೊಂಡ ಕಾರ್ಯದರ್ಶಿಗಳಿಗೆ, ಅಂಗಿ ಇಸ್ತ್ರಿ ಮಾಡಿಕೊಟ್ಟವರಿಗೆ, ನಿಮ್ಮೆಲ್ಲರಿಗೆ ನನ್ನ ವಂದನೆಗಳು. ಮನೆಗೆ ಹೋಗುವಾಗ ಕರಡಿಮನೆಯ ಕಡೆಯ ದಾರಿಯನ್ನು ಬಿಟ್ಟು ಕೊಳದ ದಾರಿ ಹಿಡಿಯಿರಿ. ಮೆಲ್ಲಗೆ ನಡೆಯಿರಿ.

ಇನ್ನೊಂದೇ ಬೇಡಿಕೆ. ನಾನು ಈಗ ಹೋಗಿ ಕೂರುತ್ತೇನೆ, ಮೂರನೆಯ ಸಾಲಿನ ಅಂಚಿನಲ್ಲಿ ಜಾಗವಿದ್ದರೆ. ಯಾರೂ ಚಪ್ಪಾಳೆ ತಟ್ಟಬೇಡಿ.

ನಮಸ್ಕಾರ.